ಹದಿನಾಲ್ಕು ಷರತ್ತಿನ ಹಗ್ಗ

ಹೊಸ ಸಾಮಾನಿನ ಮೇಲಿನ ಪ್ಲಾಸ್ಟಿಕ್ ಕವರ್ ಹರಿಯಲು ನನಗೆ ಧೈರ್ಯ ಸಾಲದು ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಮನೆಯ ಟಿವಿ ರಿಮೋಟು ಆರು ವರ್ಷದಿಂದ ಕವರಿನೊಳಗೇ ಇದೆ. ಅಂಕಿಗಳು ಕಾಣುವುದಿಲ್ಲ, ಅಂದಾಜಿನ ಮೇಲೆ ಒತ್ತುತ್ತೇವೆ. ವಾರ್ತೆ ಬೇಕೆಂದರೆ ಧಾರಾವಾಹಿ ಬರುತ್ತದೆ. "ನೀವು ಸತ್ತ ಮ್ಯಾಲ ಇದನ್ನೂ ನಿಮ್ಮ ಜೋಡಿ ಇಡ್ತೀನ್ರಿ, ಕವರ್ ಹರೀದಂಗ" ಎಂದು ಹೆಂಡತಿ ಹೇಳಿಯಾಗಿದೆ. ಇಂಥ ಮನುಷ್ಯನ ಕೈಗೆ ಸರ್ಕಾರ ಒಂದು ಊರಿನ ಸುರಕ್ಷತೆಯನ್ನು ಒಪ್ಪಿಸಿತು.

ನಾನು ಹತ್ತಿಕುಣಿ ಕಡೆಯ ಒಂದು ಗ್ರಾಮ ಪಂಚಾಯಿತಿಯಲ್ಲಿ ಗುಮಾಸ್ತ. ಹೋದ ವರ್ಷ ವಿಪತ್ತು ಸಿದ್ಧತೆಯ ಅನುದಾನದಲ್ಲಿ ನಮಗೆ ಉದ್ದನೆಯದೊಂದು ನೈಲಾನ್ ಹಗ್ಗ, ಆರು ಲೈಫ್ ಜಾಕೆಟ್, ಎರಡು ದೊಡ್ಡ ಟಾರ್ಚು, ಒಂದು ಸ್ಟ್ರೆಚರು ಬಂದವು. ಜೊತೆಗೆ ಹದಿನಾಲ್ಕು ಷರತ್ತುಗಳ ಆದೇಶವೂ ಬಂತು. ಸಾಮಾನು ಕೋಣೆಯ ಒಂದು ಮೂಲೆಯಲ್ಲಿ ಹಿಡಿಸಿತು. ಷರತ್ತುಗಳು ನನ್ನ ತಲೆಯಲ್ಲಿ ಹಿಡಿಸಲಿಲ್ಲ. ಮನುಷ್ಯ ಜೀವಕ್ಕೆ ಅಪಾಯವಿದ್ದಾಗ ಮಾತ್ರ ಬಳಸಬೇಕು. ಬಳಸುವ ಮೊದಲು ಸಮಿತಿಯ ಮೂವರ ಸಹಿ ಪಡೆಯಬೇಕು. ತಪಾಸಣೆಯ ವೇಳೆ ಸಾಮಾನು ಸುಸ್ಥಿತಿಯಲ್ಲಿರಬೇಕು, ಇಲ್ಲವಾದರೆ ಮುಂದಿನ ಕಂತು ಇಲ್ಲ. ಸುಸ್ಥಿತಿ ಎಂದರೆ ಯಾರೂ ಮುಟ್ಟದಿರುವುದು ಎಂದೇ ನಾನು ತಿಳಿದೆ. ಕೋಣೆಗೆ ಬೀಗ ಹಾಕಿದೆ.

ಷರತ್ತು ಎಂಬುದು ನಮಗೇನೂ ಹೊಸದಲ್ಲ. ನನ್ನ ಮುತ್ತಜ್ಜ ನಿಜಾಮರ ಕಾಲದಲ್ಲಿ ಸುರಪುರದ ಕಡೆ ಒಂದು ಹಳ್ಳಿಯ ತಳವಾರ. ಊರು ಕಾಯುವುದಕ್ಕಾಗಿ ಅವನಿಗೊಂದು ತುಂಡು ಹೊಲ ಬಿಟ್ಟಿದ್ದರು. ಯೋಚಿಸಿದರೆ ಅದೂ ಅನುದಾನವೇ. ಅದಕ್ಕಿದ್ದ ಷರತ್ತು ಒಂದೇ ಎಂದು ಅಜ್ಜಿ ಹೇಳುತ್ತಿದ್ದಳು: ಕೂಗು ಕೇಳಿದರೆ ಎದ್ದು ಓಡಬೇಕು. ನನ್ನ ಹದಿನಾಲ್ಕನ್ನೂ ಹಿಂದುಮುಂದಾಗಿ ಓದಿದ್ದೇನೆ. ಓಡಬೇಕು ಎಂದು ಎಲ್ಲಿಯೂ ಬರೆದಿಲ್ಲ.

ಈ ಮಳೆಗಾಲದ ಒಂದು ಮಧ್ಯಾಹ್ನ ಮೇಲೆಲ್ಲೋ ಜೋರು ಮಳೆ ಸುರಿದು ನಮ್ಮೂರ ಹಳ್ಳ ಏಕಾಏಕಿ ತುಂಬಿತು. ಕುರಿ ಸಾಕಿಕೊಂಡಿರುವ ಭೀಮವ್ವ ಏದುಸಿರು ಬಿಡುತ್ತ ಕಚೇರಿಗೆ ಬಂದಳು. ಅವಳ ಹನ್ನೊಂದು ಕುರಿ ಹಳ್ಳದ ನಡುವಿನ ದಿಬ್ಬದ ಮೇಲೆ ಸಿಕ್ಕಿಬಿದ್ದಿದ್ದವು.

"ಅಣ್ಣಾರ, ಆ ಹಗ್ಗ ಕೊಡ್ರಿ ಜಲ್ದಿ. ನೀರು ಏರಾಕತ್ತದ."

ಎದ್ದೆ. ಎದ್ದವನು ಚಾವಿ ತೆಗೆದುಕೊಳ್ಳಬೇಕಿತ್ತು. ಆದೇಶದ ಪ್ರತಿ ತೆಗೆದುಕೊಂಡೆ.

"ನೀರಾಗ ಮನಷ್ಯಾರು ಯಾರರ ಅದಾರೇನು ಭೀಮವ್ವಾ?"

"ಇಲ್ರಿ. ನಮ್ಮ ಮನಿಯವ್ರು ದಂಡಿ ಮ್ಯಾಲ ನಿಂತಾರ."

"ಹಂಗಾದ್ರ ಇದು ಷರತ್ತಿನಾಗ ಬರಂಗಿಲ್ಲ ನೋಡು."

ಅವಳು ನನ್ನನ್ನೇ ದಿಟ್ಟಿಸಿದಳು. "ಅವ್ರು ಇಳದು ಮುಳಗಾಕತ್ತಿದ ಮ್ಯಾಲ ಬಂದ್ರ ಕೊಡ್ತೀರೇನ್ರಿ?"

ಆದೇಶದ ಪ್ರಕಾರ ಇದಕ್ಕೆ ಉತ್ತರ 'ಹೌದು'. ಅದನ್ನು ಬಾಯಿಬಿಟ್ಟು ಹೇಳದಷ್ಟು ಮರ್ಯಾದೆ ನನ್ನಲ್ಲಿತ್ತು, ಹಗ್ಗ ಕೊಡುವಷ್ಟು ಇರಲಿಲ್ಲ. "ಕೂಡು, ಒಂದು ಫೋನ್ ಮಾಡ್ತೀನಿ" ಎಂದೆ. ಅವಳು ಕೂಡಲಿಲ್ಲ, ಬಂದ ದಾರಿಯಲ್ಲೇ ಓಡಿದಳು.

ಸಮಿತಿಯ ಮೂವರಲ್ಲಿ ಒಬ್ಬರು ಯಾದಗಿರಿಯ ಸಂತೆಯಲ್ಲಿದ್ದರು, ಒಬ್ಬರು ಶಹಾಪುರದಲ್ಲಿ ಬೀಗರ ಮದುವೆಯಲ್ಲಿ. ಮೂರನೆಯವರ ಫೋನು ಬಂದ್ ಆಗಿತ್ತು. ಮೇಲಧಿಕಾರಿಗಳನ್ನು ಕೇಳಿದರೆ ಪತ್ರ ಬರೆಯಿರಿ ಎಂದರು. ಬರೆಯತೊಡಗಿದೆ ಎಂದು ಹೇಳಲು ಈಗಲೂ ನಾಚಿಕೆ. 'ವಿಷಯ: ಹನ್ನೊಂದು ಕುರಿಗಳು ಹಳ್ಳದಲ್ಲಿ ಸಿಲುಕಿರುವ ಕುರಿತು' ಎಂದು ಬರೆದಾದ ಮೇಲೆ ಪೆನ್ನು ಮುಂದೆ ಹೋಗಲಿಲ್ಲ. ಹಗ್ಗ, ಜಾಕೆಟ್ಟುಗಳನ್ನು ಬೈಕಿಗೆ ಹೇರಿಕೊಂಡು ಹಳ್ಳಕ್ಕೆ ಹೋದೆ. ಅಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು.

ಭೀಮವ್ವನ ಗಂಡ ಮತ್ತು ಅವನ ತಮ್ಮಂದಿರು ಕಂಬಳಿ, ಧೋತರಗಳನ್ನೇ ಗಂಟು ಹಾಕಿ ಹಗ್ಗ ಮಾಡಿಕೊಂಡು ಒಂಬತ್ತು ಕುರಿಗಳನ್ನು ದಾಟಿಸಿದ್ದರು. ಎರಡು ಕೊಚ್ಚಿಹೋಗಿದ್ದವು. ಗಂಡಸರು ಒದ್ದೆಯಾಗಿ ನಡುಗುತ್ತಿದ್ದರು. ಎದುರಿಗೆ ನಾನು, ಕವರಿನಲ್ಲಿದ್ದ ಆರು ಜಾಕೆಟ್ಟು ತಬ್ಬಿಕೊಂಡು.

"ಕವರ್ ತಗೀಬ್ಯಾಡ್ರಿ ಸಾಹೇಬ್ರ, ಧೂಳ ಕೂಡ್ತದ" ಎಂದ ಒಬ್ಬ. ಎಲ್ಲರೂ ನಕ್ಕರು. ಭೀಮವ್ವ ನಗಲಿಲ್ಲ, ಬೈಯಲೂ ಇಲ್ಲ. ಕುರಿಗಳನ್ನು ಮತ್ತೆ ಮತ್ತೆ ಎಣಿಸುತ್ತಿದ್ದಳು. ಪ್ರತಿ ಸಲವೂ ಒಂಬತ್ತೇ ಆಗುತ್ತಿತ್ತು. ಬೈದಿದ್ದರೆ ನನಗೆ ಚೂರು ಹಗುರಾಗುತ್ತಿತ್ತು.

ಮುಂದಿನ ತಿಂಗಳು ತಪಾಸಣೆಗೆ ಬಂದ ಅಧಿಕಾರಿ ಕೋಣೆ ನೋಡಿ ಖುಷ್ ಆದರು. "ಇಟ್ಟರ ಹಿಂಗ ಇಡಬೇಕ್ರಿ ಸಾಮಾನ! ಕವರ್ ಸೈತ ಹರಿದಿಲ್ಲ" ಎಂದು ಫೋಟೋ ತೆಗೆದುಕೊಂಡರು. ಬೇರೆ ಪಂಚಾಯಿತಿಯವರು ನಮ್ಮನ್ನು ನೋಡಿ ಕಲಿಯಬೇಕಂತೆ. ಕುರಿಗಳ ಸಂಗತಿ ಹೇಳಲು ಬಾಯಿ ತೆರೆದೆ. ಬಂದದ್ದು, "ಚಹಾ ತರಸ್ಲೇನ್ರಿ ಸಾಹೇಬ್ರ?" ಹುಟ್ಟಿದಾಗಿನಿಂದ ಏನೇನೋ ಆದೀತು ಎಂದು ಹೆದರುತ್ತಲೇ ಬಂದವನು ನಾನು. ಆಗಬಾರದ್ದು ಕಣ್ಣೆದುರಿಗೆ ಆಗುತ್ತಿದ್ದಾಗ ಮಾತ್ರ ತಪಾಸಣೆಗೆ ಹೆದರಿಕೊಂಡು ಕುಳಿತೆ.

ಈಗ ಮೋಡ ಕಟ್ಟಿತೆಂದರೆ ಹಗ್ಗ ಹೆಗಲಿಗೆ ಹಾಕಿಕೊಂಡು ಹಳ್ಳದ ದಂಡೆಗೆ ಹೋಗಿ ನಿಲ್ಲುತ್ತೇನೆ. "ಇನ್ನಾ ಹನಿ ಬಿದ್ದಿಲ್ರಿ" ಎಂದು ಹೋಗಿಬರುವವರು ಕಿಚಾಯಿಸುತ್ತಾರೆ. ಮೊನ್ನೆ ಭೀಮವ್ವ ಕುರಿಗಳೊಂದಿಗೆ ಬಂದಳು. ಹಳ್ಳದಲ್ಲಿ ಪಾದ ತೋಯುವಷ್ಟು ನೀರು.

"ಇಲ್ಯಾಕ ನಿಂತೀರಿ ಅಣ್ಣಾರ?"

"ಸುಮ್ನ."

ಹಗ್ಗವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಕಂಕುಳಲ್ಲಿದ್ದ ಮರಿಯನ್ನು ನನ್ನ ಕೈಗಿತ್ತಳು. "ಬಂದೀರಂದ್ರ ಇದನ್ನ ಆ ದಂಡಿಗಿ ಮುಟ್ಟಸ್ರಿ. ಇದರವ್ವ ಅವತ್ತ ಹೋದ್ಳು. ನೀರು ಕಂಡ್ರ ಇದು ಕಾಲೇ ಇಡವಲ್ದು."

ಮರಿ ಎದೆಗೊತ್ತಿಕೊಂಡು ನಡುಗುತ್ತಿತ್ತು. ಹಗ್ಗವನ್ನು ಈಚೆ ದಂಡೆಯಲ್ಲೇ ಬಿಟ್ಟು, ಚಪ್ಪಲಿ ಕಳಚಿ, ಆ ಇಷ್ಟೇ ಇಷ್ಟು ನೀರಿನಲ್ಲಿ ಒಂದೊಂದೇ ಹೆಜ್ಜೆ ಊರಿ ದಾಟಿದೆ. ನಡುನೀರಿನಲ್ಲಿ ಒಮ್ಮೆ ನಿಂತು, ನೀರು ಕಾಣದಿರಲೆಂದು ಮರಿಯ ಕಣ್ಣನ್ನು ಅಂಗೈಯಿಂದ ಮುಚ್ಚಿದೆ.