ಉಪ್ಪಿಟ್ಟಿಗೆ ಹಾಕಿದ ಉಪ್ಪು

ಗೆಳತಿಯರೇ, ಇಂದು ಮುಂಡರಗಿ ಬಸ್ಸಿನಲ್ಲಿ ಎದುರಾದವರು, ಗದಗ ಜಿಲ್ಲೆಯಾದ ವರ್ಷ ಶಿರಹಟ್ಟಿಯ ನಮ್ಮ ಮನೆಗೆ ಕನ್ಯೆ ನೋಡಲು ಬಂದಿದ್ದ ವರ. ನನಗಾಗ ಇನ್ನೂ ಓದುವ ಆಸೆ. ಮನೆಯಲ್ಲಿ ಒಲ್ಲೆ ಎನ್ನಲಾರದೆ, ಅವರ ತಟ್ಟೆಯ ಉಪ್ಪಿಟ್ಟಿಗೆ ಒಂದು ಹಿಡಿ ಉಪ್ಪು ಬೆರೆಸಿದ್ದೆ. ಪಾಪ, ತುಟಿಪಿಟಕ್ಕೆನ್ನದೆ ತಟ್ಟೆ ಖಾಲಿ ಮಾಡಿದ್ದರು. ಸಂಬಂಧ ಕೂಡಲಿಲ್ಲ. ಆ ಖಾಲಿ ತಟ್ಟೆ ಮಾತ್ರ ನನ್ನ ಮನಸ್ಸಿನಲ್ಲೇ ಉಳಿದಿತ್ತು.

ಇಂದು ಹೇಳಿಯೇಬಿಟ್ಟೆ: "ಅವತ್ತು ಬೇಕಂತನ ಉಪ್ಪು ಹಾಕಿದ್ನಿರಿ. ತಪ್ಪಾತು."

ಅವರು ಬೆರಳು ಮಡಿಚಿ ಎಣಿಸಿದರು. "ಆ ವರ್ಷ ಹದಿಮೂರು ಮನಿಯಾಗ ಉಪ್ಪಿಟ್ಟು ತಿಂದೀನ್ರಿ ಅಕ್ಕಾರ. ನಿಮ್ಮದು ಯಾವುದಂತ ನೆನಪಾಗವಲ್ದು."

ಪಕ್ಕದಲ್ಲಿದ್ದ ಅವರ ಹೆಂಡತಿ, "ಇವರಿಗೆ ಉಪ್ಪು ಹೆಚ್ಚು ಕಡಿಮಿ ಆದದ್ದು ತಿಳಿಯಂಗೇ ಇಲ್ರಿ" ಎಂದರು.

ಆ ಖಾಲಿ ತಟ್ಟೆ ಕಂಡಂದಿನಿಂದ ಉಪ್ಪಿಟ್ಟಿಗೆ ಉಪ್ಪು ಹಾಕಲು ನನ್ನ ಕೈ ಹಿಂಜರಿಯುತ್ತಿತ್ತು. ಮದುವೆಯಾದ ಮೇಲೆ ಮೊದಲ ಸಲ, ನಾಳೆ ಬೆಳಿಗ್ಗೆ ನನ್ನ ಗಂಡ ರುಚಿಯಾದ ಉಪ್ಪಿಟ್ಟು ತಿನ್ನಲಿದ್ದಾರೆ.