ಐನಾಪುರದ ಏರಿನಲ್ಲಿ ವಿಮಲಾಬಾಯಿಯ ಫಿಯೆಟ್

ಚಿತ್ತಾಪುರದಲ್ಲಿ ಖಾರದ ಗಿರಣಿ ನಡೆಸುವ ವಿಮಲಾಬಾಯಿಗೆ ಈ ಲೋಕದಲ್ಲಿ ಜೀವ ಇರುವುದು ಎರಡರ ಮೇಲೆ: ಮಗಳು ಭುವನೇಶ್ವರಿ, ಮತ್ತೆ ತೀರಿಹೋದ ಗಂಡನ ಬಿಳಿ ಫಿಯೆಟ್. ಶಹಾಬಾದಿನ ಮೇಸ್ತ್ರಿ ಬಾಬುಮಿಯಾನ ಹತ್ತಿರ ಅವಳು ಗಾಡಿ ಕಲಿತಾಗ ಓಣಿಯೆಲ್ಲ ನಕ್ಕಿತ್ತು. ನಗಲಿ ಬಿಡಿ! ವಾಡಿಯಿಂದ ಮೆಣಸಿನಕಾಯಿ ಚೀಲ ತರಲು ಅವರೇನು ಬರುತ್ತಿದ್ದರೇ?

ಮಗಳ ಮದುವೆ ಗೊತ್ತಾದಾಗ ವಿಮಲಾಬಾಯಿಗೆ ಒಂದೇ ಆಸೆ. ಗಂಡನ ಮನೆಗೆ ಅವಳನ್ನು ತನ್ನ ಗಾಡಿಯಲ್ಲಿ ತಾನೇ ಬಿಡಬೇಕು. ವಿಮಲಾಬಾಯಿಯ ಗಂಡನ ಅಣ್ಣ ರೇವಣಸಿದ್ದಯ್ಯನವರು ಅಡ್ಡ ಬಂದರು.

"ನಮ್ಮ ಮನಿ ಹೆಣ್ಮಕ್ಕಳೆಲ್ಲ ನನ್ನ ಅಂಬಾಸಿಡರ್‌ದಾಗೇ ಹೋಗ್ಯಾರ. ಭುವಿಗಿ ಆ ಡಬ್ಬಿದಾಗ ಕಳಸ್ತೀಯೇನು?"

ವಿಮಲಾಬಾಯಿಗೆ ಮೈಯೆಲ್ಲ ಉರಿದುಹೋಯಿತು. "ಡಬ್ಬಿ ಅಂತ್ರೇನ್ರಿ ಭಾವಾರ? ಬೀಗರ ಮನಿ ನೋಡಾಕ ಐನಾಪುರಕ್ಕ ಹೊಂಟೀವಲ್ಲ, ಎರಡೂ ಗಾಡಿ ಹೋಗ್ಲಿ. ಯಾವುದು ಛಂದಾಗಿ ಮುಟ್ಟತದ, ಅದರಾಗೇ ಭುವಿ ಹೋಗ್ತಾಳ."

"ಆಗ್ಲಿ!" ಎಂದರು ಭಾವ, ಆಗಲೇ ಗೆದ್ದವರ ಹಾಗೆ.

ನಿಜ ಹೇಳಬೇಕೆಂದರೆ, ಸೇಡಂವರೆಗೆ ಅಂಬಾಸಿಡರ್‌ದೇ ಮೇಲುಗೈ. ಗುಂಡಿ ಬಂದಾಗೆಲ್ಲ ಫಿಯೆಟ್‌ನವರ ಸೊಂಟ ಮುರಿಯುತ್ತಿತ್ತು. ಅಂಬಾಸಿಡರ್‌ನವರು ಮಾತ್ರ ಗಾದಿಯ ಮೇಲೆ ಕೂತವರಂತೆ ಎಲೆಅಡಿಕೆ ಹಾಕುತ್ತ ಹೋದರು. ಆದರೆ ನಡುವೆ ಸಪಾಟು ರಸ್ತೆ ಸಿಕ್ಕಿತೋ, ಫಿಯೆಟ್ ಮುಂದೆ ಚಿಮ್ಮುತ್ತಿತ್ತು. ವಿಮಲಾಬಾಯಿಗೆ ಒಳಗೊಳಗೇ ಖುಷಿ.

ಬೀಗರ ಮನೆ ನೋಡಲು ಹೊರಟವರು ದಾರಿಯಲ್ಲಿರುವ ನೆಂಟರನ್ನು ಬಿಟ್ಟುಹೋದರೆ ಅವರು ಜನ್ಮಪೂರ್ತಿ ಮುನಿಸಿಕೊಂಡಾರು. ಸೇಡಂನಲ್ಲಿ ಅತ್ತಿಗೆ ಉಮಾದೇವಿಯ ಮನೆಮಂದಿ, ಚಂದಾಪುರದಲ್ಲಿ ಸೋದರಮಾವನ ಸಂಸಾರ, ಎಲ್ಲರೂ ರಸ್ತೆಗೇ ಬಂದು ನಿಂತಿದ್ದರು. ಅವರು ಫಿಯೆಟ್‌ನ ಕಡೆ ಕಾಲಿಡುವ ಮೊದಲೇ ರೇವಣಸಿದ್ದಯ್ಯನವರು ಕೂಗಿದರು: "ಇಲ್ಲಿ ಬರ್ರಿ, ಕುಂದ್ರಿ! ಅಂಬಾಸಿಡರ್ ಅಂದ್ರ ಛತ್ರ ಇದ್ದಂಗ!" ಒಬ್ಬರ ತೊಡೆಯ ಮೇಲೆ ಒಬ್ಬರು ಕೂತರು. ಗಾಡಿಯ ಹಿಂಭಾಗ ನೆಲಕ್ಕೆ ತಾಗುವುದೊಂದು ಬಾಕಿ.

ಐನಾಪುರದ ಏರು ಬಂತು. ಫಿಯೆಟ್ ಗುರ್ ಎನ್ನುತ್ತ ಹತ್ತಿತು. ಅಂಬಾಸಿಡರ್ ಅರ್ಧ ಏರಿನಲ್ಲೇ ಬುಸ್ಸೆಂದು ಹಬೆ ಬಿಟ್ಟು ನಿಂತಿತು.

ಮೇಲೆ ನಿಂತು ನೋಡಿದ ವಿಮಲಾಬಾಯಿಗೆ ಕುಣಿಯಬೇಕೆನಿಸಿತು. ಹಾಗೇ ಹೋಗಿಬಿಡಬಹುದಿತ್ತು. ಆದರೆ ಹೆಣ್ಣಿನ ಕಡೆಯವರು ಬೀಗರ ಮನೆಗೆ ಬೆವರು ಒರೆಸಿಕೊಳ್ಳುತ್ತ ನಡೆದು ಹೋದರೆ ಮಾನ ಯಾರದು? ತನ್ನವರನ್ನು ಅಲ್ಲೇ ಇಳಿಸಿ ಗಾಡಿ ತಿರುಗಿಸಿದಳು. ನಾಲ್ಕು ನಾಲ್ಕು ಜನರಂತೆ ನೆಂಟರನ್ನೆಲ್ಲ ಮೇಲಕ್ಕೆ ತಂದು ಬಿಟ್ಟಳು. ಒಂದು ಸಲವೂ ಫಿಯೆಟ್ ಕೆಮ್ಮಲಿಲ್ಲ.

ಕೊನೆಗೆ ಉಳಿದವರು ಭಾವ. "ಹತ್ರಿ ಭಾವಾರ," ಎಂದು ಮುಂದಿನ ಬಾಗಿಲು ತೆರೆದಳು. ಅವರು ಹತ್ತಿ ಕೂತರು. ಏರು ಮುಗಿಯುವಾಗ ಮೆಲ್ಲಗೆ ಅಂದರು: "ಭಾಳ ಗಟ್ಟಿ ಅದ ಬಿಡವ್ವ ನಿನ್ನ ಗಾಡಿ. ನೀನೂ."

ಮದುವೆಯ ದಿನ ಫಿಯೆಟ್‌ಗೆ ಚೆಂಡುಹೂ ಕಟ್ಟಿದವರು ಅವರೇ. ಭುವನೇಶ್ವರಿ ಹಿಂದೆ ಅಳುತ್ತ ಕೂತಳು. ವಿಮಲಾಬಾಯಿ ಗೇರ್ ಹಾಕಿದಳು. ಮುಂದೆ ಗುಂಪು ಕಟ್ಟಿ ನಿಂತಿದ್ದ ಜನರನ್ನು ಸರಿಸುತ್ತ ರೇವಣಸಿದ್ದಯ್ಯನವರು ಗಂಟಲು ಹರಿಯುವಂತೆ ಕೂಗುತ್ತಿದ್ದರು: "ಸರೀರಿ, ಸರೀರಿ! ಮಗಳಿಗಿ ಕರಕೊಂಡು ನಮ್ಮ ವಿಮಲಾ ಹೊಂಟಾಳ!"