ಅವ್ವನೂ ಎಲೆಕ್ಟ್ರಾನೂ
ಗೆಳೆಯರೇ, ಇವತ್ತು ಈ ಫಿಸಿಕ್ಸ್ ಮೇಷ್ಟ್ರು ಕಾಲೇಜಿಗೆ ಲೇಟಾಗಿದ್ದು ಅವ್ವನಿಂದ. ಅರಸೀಕೆರೆಗೆ ಜೊತೇಲೇ ಬರ್ತೀನಿ ಅಂದ್ಳು. ಹಾರನಹಳ್ಳೀಲಿ ನಮ್ಮನೆಯಿಂದ ಬಸ್ ಸ್ಟಾಪಿಗೆ ಇನ್ನೂರೇ ಮೀಟರು. ಒಂದು ಮನೇಲಿ ಕರು ನೋಡೋಕೆ, ಎದುರು ಮನೇಲಿ ಬಾಣಂತೀನ ಮಾತಾಡ್ಸೋಕೆ, ಬೀಗ ಹಾಕಿದೀನಾ ಅಂತ ವಾಪಸ್ ನಮ್ಮನೆಗೆ, ಓಡಾಡ್ತಾನೇ ಇದ್ಳು. ಬಸ್ಸು ಹೋಯ್ತು. ರೇಗಿದ್ರೆ, "ನಾನೆಲ್ ನಿಂತ್ನಲಾ? ನಡೀತಾನೇ ಇದ್ನಲ್ಲ!" ಅಂದ್ಳು.

ಕ್ಲಾಸಲ್ಲಿ ಅದನ್ನೇ ಹೇಳಿದೆ: ತಂತಿಯೊಳಗೆ ಎಲೆಕ್ಟ್ರಾನು ಸೆಕೆಂಡಿಗೆ ಲಕ್ಷಗಟ್ಟಲೆ ಮೀಟರ್ ಅತ್ತಿತ್ತ ಓಡುತ್ತೆ, ಮುಂದಕ್ಕೆ ಸಾಗೋದು ಒಂದು ಮಿಲಿಮೀಟರೂ ಇಲ್ಲ.

ಒಬ್ಬ ಹುಡುಗಿ ಕೇಳಿದ್ಳು: "ವೋಲ್ಟೇಜ್ ಜಾಸ್ತಿ ಮಾಡಿದ್ರೆ ಬೇಗ ಸಾಗುತ್ತಲ್ವಾ ಸಾರ್?"

ಪುಸ್ತಕದಲ್ಲಿ ಹಾಗೇ ಇದೆ. ಬೆಳಿಗ್ಗೆ ನಾನೂ "ಬಸ್ ಬಂತು ಕಣವ್ವಾ!" ಅಂತ ವೋಲ್ಟೇಜ್ ಏರಿಸಿ ಕಿರುಚಿದ್ದೆ. ಅವ್ವ ಜೋರಾಗೇ ಓಡಿದ್ಳು, ಹಿಂದಿನ ಬೀದಿ ಶಾರದಮ್ಮನ ಮನೆಗೆ, "ಹೋಗ್ಬತ್ತೀನಿ" ಅಂತ ಹೇಳೋಕೆ.